ಎಷ್ಟು ಗಂಟೆಗೆ ಬರಲಿ?

ಕಳೆದ ವಾರ ಸಾಗರದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿದೆ. ಬೆಂಗಳೂರಿನ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ. "ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಅಂದ್ರು ಚಿಕ್ಕಿ. ನಾನು ಓಕೆ ಮೇಡಮ್ ಅಂದುಬಿಟ್ಟೆ. ಇಂಟರ್‌ವ್ಯೂ ಬೆಳಿಗ್ಗೆ ಇದ್ರೆ ಒಳ್ಳೇದಾ, ಮಧ್ಯಾಹ್ನ ಇದ್ರೆ ಒಳ್ಳೇದಾ?" ಅಂತ ಕೇಳಿದಳು.

ಪ್ರಶ್ನೆ ಸಣ್ಣದು. ಆದರೂ ನನಗೆ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. 2009ರ ಒಂದು ಸೋಮವಾರ ಕಣ್ಣ ಮುಂದೆ ಬಂದು ನಿಂತಿತು. "ಸಂಜೆ ನಾನೇ ಮಾಡ್ತೀನಿ ಪುಟ್ಟಿ" ಅಂದು ಫೋನ್ ಇಟ್ಟೆ. ಸಂಜೆಯವರೆಗೆ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು 2009ರ ಮಳೆಗಾಲ. ಅಮೆರಿಕದಲ್ಲಿ ಶುರುವಾದ ಆರ್ಥಿಕ ಹಿಂಜರಿತದ ಏಟು ಬೆಂಗಳೂರಿಗೂ ಬಿದ್ದಿತ್ತು. ಕ್ಯಾಂಪಸ್‌ನಲ್ಲಿ ಆಯ್ಕೆಯಾದವರಿಗೂ ಕೆಲಸಕ್ಕೆ ಸೇರುವ ದಿನ ಮುಂದೆ ಮುಂದೆ ಹೋಗುತ್ತಿತ್ತು. ಅಂಥ ಹೊತ್ತಲ್ಲಿ ಒಂದು ಕರೆ ಬಂದಿದ್ದೇ ನಮ್ಮ ಮನೆಯಲ್ಲಿ ಹಬ್ಬ. ಸೋಮವಾರ ಬೆಳಿಗ್ಗೆ 9 ಗಂಟೆಗೆ ವೈಟ್‌ಫೀಲ್ಡ್‌ನಲ್ಲಿ ಇರಬೇಕು ಅಂದರು. ನಾನೂ ಆವತ್ತು ಅಕ್ಕನ ಮಗಳ ಹಾಗೆಯೇ "ಓಕೆ ಮೇಡಮ್" ಅಂದಿದ್ದೆ.

ಭಾನುವಾರ ರಾತ್ರಿ ಮಲೆನಾಡಿನಿಂದ ಬೆಂಗಳೂರಿಗೆ ಹೊರಡುವ ಬಸ್ಸು ಹೇಗಿರುತ್ತದೆ ಅಂತ ಹತ್ತಿದವರಿಗೆ ಗೊತ್ತು. ವಾರದ ಕೊನೆಗೆ ಊರಿಗೆ ಬಂದವರೆಲ್ಲ ಒಟ್ಟಿಗೇ ವಾಪಸ್ ಹೊರಟಿರುತ್ತಾರೆ. ನನಗೆ ಸಿಕ್ಕಿದ್ದು ಕೊನೇ ಸಾಲಿನ ಸೀಟು. ಅದು ಹಿಂದಕ್ಕೆ ಬಾಗುವುದಿಲ್ಲ. ಒಂದೊಂದು ಹಂಪ್ ಹಾರಿದಾಗಲೂ ಮೈಯೆಲ್ಲ ಎತ್ತಿ ಹಾಕುತ್ತದೆ. ಮಾರ್ಕ್ಸ್ ಕಾರ್ಡ್‌ಗಳ ಫೈಲು ಮಳೆಗೆ ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಕೂತಿದ್ದೆ. ಶಿವಮೊಗ್ಗ ದಾಟಿದ್ದು ಗೊತ್ತು, ಅರಸೀಕೆರೆ ದಾಟಿದ್ದು ಗೊತ್ತು, ತುಮಕೂರು ದಾಟಿದ್ದೂ ಗೊತ್ತು. ಅಂದರೆ ಇಡೀ ರಾತ್ರಿ ಎಚ್ಚರವಾಗಿದ್ದೆ.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಐದೂವರೆ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ, ಒದ್ದೆ ನೆಲಕ್ಕೆ ತಾಗದ ಹಾಗೆ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಟ್ಟೆ ಬದಲಿಸಿದೆ. ಆಗ ಮೆಟ್ರೊ ಇರಲಿಲ್ಲ. 335ಇ ಹತ್ತಿದೆ. ಎಂಟಕ್ಕೆಲ್ಲ ಕಂಪನಿಯ ಗೇಟಿನ ಮುಂದೆ ಇದ್ದೆ. ತಿಂಡಿ ತಿನ್ನಲಿಲ್ಲ. ಹೊಸ ಊರು, ಹೊಟ್ಟೆ ಕೆಟ್ಟರೆ ಏನು ಮಾಡೋದು ಅನ್ನುವ ಭಯ. 9ಕ್ಕೆ ಕರೆದವರು ಒಳಗೆ ಕೂರಿಸಿದರು. 10 ಆಯಿತು, 11 ಆಯಿತು. ನನ್ನ ಹೆಸರು ಕೂಗಿದಾಗ 1 ಗಂಟೆ 10 ನಿಮಿಷ.

ಮೇಜಿನ ಆಚೆ ಮೂವರು ಕೂತಿದ್ದರು. ಒಬ್ಬರು ಗಡಿಯಾರ ನೋಡಿಕೊಂಡರು. "ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದರು. ಆ ಪ್ರಾಜೆಕ್ಟನ್ನು ನಾನು ಕೈಯಾರೆ ಮಾಡಿದ್ದೆ. ಅದರ ಒಂದೊಂದು ತಂತಿಯೂ ನನಗೆ ಗೊತ್ತಿತ್ತು. ಆದರೆ ಬಾಯಿಗೆ ಮಾತು ಬರಲಿಲ್ಲ. ಇಂಗ್ಲಿಷ್ ಅಂತಲ್ಲ, ಕನ್ನಡದಲ್ಲಿ ಕೇಳಿದ್ದರೂ ಬರುತ್ತಿರಲಿಲ್ಲವೇನೋ. ತಲೆಯೊಳಗೆ ಇನ್ನೂ ಬಸ್ಸು ಓಡುತ್ತಿತ್ತು. ಎಂಟು ನಿಮಿಷಕ್ಕೆ ಮುಗಿಯಿತು.

ನನ್ನನ್ನು ಇವತ್ತಿಗೂ ಕಾಡುವುದು ಆ ಎಂಟು ನಿಮಿಷಕ್ಕಿಂತ ಜಾಸ್ತಿ, ಅದಕ್ಕೆ ಮೊದಲು ಕೇಳಿಸಿಕೊಂಡ ಒಂದು ಮಾತು. ಹನ್ನೊಂದೂವರೆ ಸುಮಾರಿಗೆ ಒಬ್ಬಳು ಬೆಂಗಳೂರಿನ ಹುಡುಗಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಚೆನ್ನಾಗಿ ನಿದ್ದೆ ಮಾಡಿದ ಮುಖ. "ನೀವು ಲೇಟಾ?" ಅಂತ ಕೇಳಿದೆ. "ಇಲ್ಲಪ್ಪ, ನಂಗೂ ಒಂಬತ್ತಕ್ಕೇ ಅಂದಿದ್ರು. ಅಷ್ಟು ಬೇಗ ಆಗಲ್ಲ, ಹನ್ನೊಂದೂವರೆಗೆ ಬರ್ತೀನಿ ಅಂದೆ. ಸರಿ ಅಂದ್ರು" ಅಂದಳು. ಅಷ್ಟೇ. ಕೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ, ನಮ್ಮ ಕಾಲೇಜಿನಲ್ಲಿ, ನನಗೆ ಯಾರೂ ಅದನ್ನು ಹೇಳಿರಲಿಲ್ಲ. ದೊಡ್ಡವರು ಒಂದು ಹೊತ್ತು ಹೇಳಿದರೆ ಆ ಹೊತ್ತಿಗೆ ಹೋಗಬೇಕು. ನಾನು ಬೆಳೆದಿದ್ದು ಹಾಗೆ.

ಆ ಇಂಟರ್‌ವ್ಯೂ ವಿಷಯದಲ್ಲಿ ಹೊತ್ತಿನ ಬಗ್ಗೆ ಯೋಚಿಸಿದವರು ಒಬ್ಬರೇ ಒಬ್ಬರು. ನಮ್ಮ ಅಮ್ಮ. ಗೋಡೆಯ ಕ್ಯಾಲೆಂಡರ್ ನೋಡಿ, "ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಒಂಬತ್ತು ಕಳೆದ ಮೇಲೇ ಒಳಗೆ ಕಾಲಿಡು" ಅಂದಿದ್ದರು. ಹಗಲನ್ನು ಎಂಟು ಪಾಲು ಮಾಡಿ, ಅದರಲ್ಲಿ ದಿನಕ್ಕೊಂದು ಪಾಲನ್ನು ರಾಹುವಿಗೆ ಬಿಟ್ಟಿರುವ ಲೆಕ್ಕ ಅದು. 6ಕ್ಕೆ ಸೂರ್ಯ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡರೆ ಒಂದೊಂದು ಪಾಲು ಒಂದೂವರೆ ಗಂಟೆ. ಮಂಗಳವಾರ 3ರಿಂದ 4:30, ಬುಧವಾರ 12ರಿಂದ 1:30, ಶುಕ್ರವಾರ 10:30ರಿಂದ 12. ಸೂರ್ಯ ನಿಜವಾಗಿ ಹುಟ್ಟುವ ಹೊತ್ತು ಬದಲಾದ ಹಾಗೆ ಇದೂ ಜರುಗುತ್ತದೆ. ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹತ್ತಿರ. ಹಾಗಾಗಿ ಪಂಚಾಂಗ ಇಟ್ಟುಕೊಂಡು ಕಟ್ಟುನಿಟ್ಟಾಗಿ ನೋಡುವವರು ಕ್ಯಾಲೆಂಡರ್ ನಂಬುವುದಿಲ್ಲ.

ನಾನು ರಾಹುಕಾಲ ನೋಡುವವಳಲ್ಲ. ಆದರೆ ಎಲ್ಲ ಹೊತ್ತೂ ಒಂದೇ ಅಲ್ಲ ಅನ್ನುವ ಅಮ್ಮನ ತಿಳಿವಳಿಕೆ ನನಗೆ ವರ್ಷ ಕಳೆದಷ್ಟೂ ಸರಿ ಅನ್ನಿಸುತ್ತಿದೆ. ಈಗ ನಾನು ಮೇಜಿನ ಆಚೆ ಬದಿಯಲ್ಲಿ ಕೂರುತ್ತೇನೆ. ಕೆಲವೊಮ್ಮೆ ಶುಕ್ರವಾರದ 11 ಗಂಟೆ ಕೊಟ್ಟಾಗ ಯಾರಾದರೂ "ಹನ್ನೆರಡೂಕಾಲಕ್ಕೆ ಆಗುತ್ತಾ ಮೇಡಮ್?" ಅಂತ ಮೆಲ್ಲಗೆ ಕೇಳುತ್ತಾರೆ. ಯಾಕೆ ಅಂತ ನಾನು ಕೇಳುವುದಿಲ್ಲ. ಅವರ ಮನೆಯಲ್ಲೂ ಯಾರೋ ಕ್ಯಾಲೆಂಡರ್ ಮುಂದೆ ನಿಂತಿರುತ್ತಾರೆ. ಆ ಹೊತ್ತಿಗೆ ಬಂದರೆ ಮನಸ್ಸು ತಣ್ಣಗಿರುತ್ತದೆ ಅಂದರೆ ಬರಲಿ. ಮನಸ್ಸು ತಣ್ಣಗಿದ್ದವರ ಉತ್ತರ ಚೆನ್ನಾಗಿಯೇ ಇರುತ್ತದೆ.

ಮೇಜಿನ ಆಚೆ ಬದಿಯ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಇಂಟರ್‌ವ್ಯೂ ಮಾಡುವಾಗ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಒಬ್ಬೊಬ್ಬರಿಗೆ ಒಂದು ಪುಟ. ಕೆಲವು ವರ್ಷಗಳ ಹಿಂದೆ ಒಂದು ದಿನ ಏಳು ಜನರನ್ನು ನೋಡಿದ್ದೆ. ರಾತ್ರಿ ಮನೆಯಲ್ಲಿ ಯಾರನ್ನು ಮುಂದಿನ ಸುತ್ತಿಗೆ ಕಳಿಸಬೇಕು ಅಂತ ಪುಟ ತಿರುವುತ್ತಾ ಕೂತೆ. 10 ಗಂಟೆಗೆ ಬಂದವನ ಪುಟ ತುಂಬಿತ್ತು. ಅವನು ಎಲ್ಲಿ ತಡವರಿಸಿದ, ಆಮೇಲೆ ಹೇಗೆ ತಾನೇ ತಿದ್ದಿಕೊಂಡ, ಎಲ್ಲ ಇತ್ತು. 11ರವಳದ್ದು ಮುಕ್ಕಾಲು ಪುಟ. 2 ಗಂಟೆಯವನದ್ದು ಐದು ಸಾಲು. 4:30ಕ್ಕೆ ಬಂದವನ ಪುಟದಲ್ಲಿ ಎರಡೇ ಸಾಲು. "ಬೇಸಿಕ್ಸ್ ಪರವಾಗಿಲ್ಲ. ಮಾತು ಕಮ್ಮಿ."

ಆ ಎರಡು ಸಾಲು ನೋಡಿ ನನಗೆ ಕೈ ತಣ್ಣಗಾಯಿತು. ಮಾತು ಕಮ್ಮಿ ಇದ್ದಿದ್ದು ಅವನದ್ದಾ, ನನ್ನ ಪ್ರಶ್ನೆಗಳದ್ದಾ? ಬೆಳಗಿನವನು ತಡವರಿಸಿದಾಗ ನಾನು ಕಾದಿದ್ದೆ, ಸಣ್ಣ ಸುಳಿವು ಕೊಟ್ಟಿದ್ದೆ. ಸಂಜೆಯವನು ತಡವರಿಸಿದಾಗ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ಅವನು ಎಲ್ಲಿಂದ ಬಂದಿದ್ದ, ಎಷ್ಟು ಹೊತ್ತು ಕಾದಿದ್ದ, ನನಗೆ ನೆನಪೂ ಇರಲಿಲ್ಲ. ಹಳೆಯ ಪುಟಗಳನ್ನೂ ತಿರುವಿದೆ. ಹತ್ತಾರು ದಿನಗಳ ಪುಟಗಳು. ಹೆಚ್ಚುಕಡಿಮೆ ಎಲ್ಲ ದಿನವೂ ಹೀಗೇ. ಬೆಳಿಗ್ಗೆ ತುಂಬಿದ ಪುಟ, ಸಂಜೆ ಖಾಲಿ ಪುಟ. 2009ರಲ್ಲಿ ಮಧ್ಯಾಹ್ನ 1:10ಕ್ಕೆ ಗಡಿಯಾರ ನೋಡಿಕೊಂಡ ಆ ಮನುಷ್ಯನ ಜಾಗದಲ್ಲಿ ನಾನೇ ಕೂತಿದ್ದೆ. ಮರುದಿನ ಆ 4:30ರ ಹುಡುಗನಿಗೆ ಫೋನ್ ಮಾಡಿ, ಇನ್ನೊಂದು ಸಲ ಮಾತಾಡೋಣ, ನಿಮಗೆ ಯಾವ ಹೊತ್ತು ಆಗುತ್ತೆ ಹೇಳಿ ಅಂದೆ.

ಇದರ ಬಗ್ಗೆ ಓದಲು ಶುರು ಮಾಡಿದ್ದೂ ಆಮೇಲೆಯೇ. 2011ರಲ್ಲಿ ಇಸ್ರೇಲಿನ ಪೆರೋಲ್ ತೀರ್ಪುಗಳ ಮೇಲೆ ಒಂದು ಅಧ್ಯಯನ ಬಂತು. ಎಂಟು ನ್ಯಾಯಾಧೀಶರು, ಸಾವಿರಕ್ಕೂ ಹೆಚ್ಚು ತೀರ್ಪುಗಳು. ದಿನದ ಶುರುವಿನಲ್ಲಿ ಕೈದಿಯ ಪರವಾಗಿ ಬರುವ ತೀರ್ಪು ಶೇಕಡಾ 65ರ ಆಸುಪಾಸು. ಹೊತ್ತು ಹೋದ ಹಾಗೆ ಅದು ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ. ತಿಂಡಿಗೋ ಊಟಕ್ಕೋ ಎದ್ದು ಹೋಗಿ ಬಂದ ಮೇಲೆ ಮತ್ತೆ 65ರ ಹತ್ತಿರ. ಓದಿದಾಗ ನನ್ನ ನೋಟ್‌ಬುಕ್ಕೇ ಕಂಡ ಹಾಗಾಯಿತು. ಆದರೆ ಅದೇ ವರ್ಷ ಬೇರೆಯವರು ಅದಕ್ಕೆ ಸರಿಯಾದ ತಕರಾರು ತೆಗೆದರು. ಅಲ್ಲಿ ಪ್ರಕರಣಗಳ ಸರದಿ ಸುಮ್ನೆ ಚೀಟಿ ಎತ್ತಿದ ಹಾಗೆ ಬರುವುದಿಲ್ಲ. ವಕೀಲರಿಲ್ಲದ ಕೈದಿಗಳು ಸಾಮಾನ್ಯವಾಗಿ ಕೊನೆಗೆ ಬರುತ್ತಾರೆ, ಅವರು ಸೋಲುವುದೂ ಜಾಸ್ತಿ. ಹಾಗಾಗಿ ಎಲ್ಲವನ್ನೂ ಹಸಿವು, ದಣಿವಿನ ಮೇಲೆ ಹಾಕಲು ಬರುವುದಿಲ್ಲ ಅಂದರು.

ಅವರ ತಕರಾರು ನನಗೆ ಮೂಲ ಅಧ್ಯಯನಕ್ಕಿಂತ ಹೆಚ್ಚು ಮನಸ್ಸಿಗೆ ತಾಗಿತು. ಯಾರ ಪರವಾಗಿ ಮಾತಾಡುವವರು ಇಲ್ಲವೋ ಅವರಿಗೆ ಕೊನೆಯ ಸರದಿ. ಇಂಟರ್‌ವ್ಯೂಗಳಲ್ಲೂ ಹಾಗೇ ಅಲ್ವಾ? ಕೇಳಿದವರಿಗೆ ಒಳ್ಳೆಯ ಹೊತ್ತು ಸಿಗುತ್ತದೆ. ಕೇಳದವರಿಗೆ ಉಳಿದದ್ದು.

2013ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ಎಂಬಿಎ ಪ್ರವೇಶದ 9,000ಕ್ಕೂ ಹೆಚ್ಚು ಸಂದರ್ಶನಗಳನ್ನು ನೋಡಿದ್ದರು. ಒಂದೇ ದಿನ ಮೊದಲು ಬಂದ ಕೆಲವರಿಗೆ ಒಳ್ಳೆಯ ಅಂಕ ಕೊಟ್ಟಿದ್ದರೆ, ಆಮೇಲೆ ಬಂದವರಿಗೆ ಕೈ ಬಿಗಿ ಮಾಡುತ್ತಿದ್ದರು. ಎಲ್ಲರಿಗೂ ಜಾಸ್ತಿ ಕೊಟ್ಟುಬಿಟ್ಟೆನಾ ಅನ್ನುವ ಅಳುಕು. ಈ ಅಳುಕು ನನಗೂ ಬಂದಿದೆ. ನಿಮ್ಮ ಹಿಂದಿನವರು ಹೇಗೆ ಮಾಡಿದರು ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಕೈಯಲ್ಲಿರುವುದು ನಿಮ್ಮ ಮೈ. ನಮ್ಮ ಮೈಯ ಬಿಸಿ ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಗಿನ ಜಾವ ತೀರಾ ಕಡಿಮೆ, ಸಂಜೆಯ ಹೊತ್ತಿಗೆ ಜಾಸ್ತಿ. ಎಚ್ಚರವೂ ಸುಮಾರಾಗಿ ಅದರ ಜೊತೆಗೇ ಏರುತ್ತದೆ. ಮಧ್ಯಾಹ್ನ 1ರಿಂದ 3ರ ನಡುವೆ ಒಂದು ಮಂಪರು ಬರುತ್ತದೆ. ಅದು ಅನ್ನ ಸಾರಿನ ತಪ್ಪು ಅಂದುಕೊಳ್ಳುತ್ತೇವೆ. ಊಟ ಬಿಟ್ಟರೂ ಅದು ಬರುತ್ತದೆ, ಹೊಟ್ಟೆ ತುಂಬ ಉಂಡರೆ ಇನ್ನಷ್ಟು.

ಇನ್ನೊಂದು ಸಂಗತಿ ನನಗೆ ಗೊತ್ತಾಗಿದ್ದು ತಡವಾಗಿ. ಹರೆಯಕ್ಕೆ ಬಂದ ಮೇಲೆ ಮಕ್ಕಳ ನಿದ್ದೆಯ ಹೊತ್ತು ವರ್ಷ ವರ್ಷಕ್ಕೂ ತಡವಾಗುತ್ತಾ ಹೋಗುತ್ತದೆ. ಸುಮಾರು 20ನೇ ವಯಸ್ಸಿಗೆ ಅದು ತುದಿ ಮುಟ್ಟಿ, ಅಲ್ಲಿಂದ ನಿಧಾನಕ್ಕೆ ಹಿಂದೆ ಬರುತ್ತದೆ. ಅಂದರೆ ಮೊದಲ ಕೆಲಸ ಹುಡುಕುವ ವಯಸ್ಸಿನವರಿಗೇ ಬೆಳಗಿನ ಹೊತ್ತು ಎಲ್ಲರಿಗಿಂತ ಕಷ್ಟ. ರಾತ್ರಿ 2ರವರೆಗೆ ಎದ್ದಿರುತ್ತಾರೆ, ಸೋಮಾರಿಗಳು ಅಂತ ಬೈಯುತ್ತೇವೆ. ಮತ್ತೆ ಅವರನ್ನೇ ಬೆಳಿಗ್ಗೆ 9ಕ್ಕೆ ಫೈಲು ಹಿಡಿದು ನಿಲ್ಲಿಸುತ್ತೇವೆ. 45 ದಾಟಿದ, ಐದಕ್ಕೆಲ್ಲ ಏಳುವ ಮ್ಯಾನೇಜರ್‌ಗೆ ಅದು ಹಿತವಾದ ಹೊತ್ತು. ಎದುರಿಗೆ ಕೂತ 22ರ ಹುಡುಗಿಗೆ ಅದು ಇನ್ನೂ ರಾತ್ರಿಯ ಬಾಲ.

ಇಷ್ಟೆಲ್ಲ ಇಟ್ಟುಕೊಂಡು ನನ್ನನ್ನು ಕೇಳಿದರೆ, ಬೆಂಗಳೂರಿನಲ್ಲಿ ಎದುರು ಬದುರು ಕೂರುವ ಇಂಟರ್‌ವ್ಯೂ ಆದರೆ ಬೆಳಿಗ್ಗೆ 10ರಿಂದ 11:30. ಆ ಹೊತ್ತಿಗೆ ಕೇಳುವವರ ಕಾಫಿ ಆಗಿರುತ್ತದೆ, ಮೇಲ್ ನೋಡಿ ಆಗಿರುತ್ತದೆ, ಹಸಿವು ಶುರುವಾಗಿರುವುದಿಲ್ಲ. ಬರುವವರಿಗೂ ಎದ್ದು ಮೂರು ಗಂಟೆಯಾದರೂ ಆಗಿರುತ್ತದೆ. ಸೋಮವಾರ ಬೆಳಿಗ್ಗೆ ಬೇಡ, ತುಂಬ ಕಡೆ ಅದು ಮೀಟಿಂಗ್‌ಗಳ ಹೊತ್ತು. ಮಧ್ಯಾಹ್ನವೇ ಅಂದರೆ 2 ಬೇಡ, ಮೂರೂವರೆ ಕೇಳಿ. ಐದರ ಮೇಲೆ ಬೇಡವೇ ಬೇಡ.

ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ಆಟೊದಲ್ಲಿ ಕೂತು ಬಂದವರ ಉಸಿರು ಇಂಟರ್‌ವ್ಯೂ ಮುಗಿಯುವವರೆಗೂ ಸರಿಹೋಗಿರುವುದಿಲ್ಲ, ನಾನು ನೋಡಿದ್ದೇನೆ. ಈಗ ಸ್ವಲ್ಪ ವಾಸಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಇಳಿದು ಹತ್ತದೆ ಹೋಗಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊ ಇದೆ. ದಾರಿ ಎಷ್ಟು ಹೊತ್ತು ಅಂತ ಮೊದಲೇ ಗೊತ್ತಿದ್ದರೆ ಅರ್ಧ ದಿಗಿಲು ಕಡಿಮೆ.

ವಿಡಿಯೊ ಕಾಲ್‌ನಲ್ಲಿ ರಸ್ತೆ ಇಲ್ಲ, ಆದರೆ ಬೇರೆ ತೊಡಕು ಇದೆ. ನನ್ನ ಗೆಳತಿಯ ತಮ್ಮ ಮೈಸೂರಿನಲ್ಲಿದ್ದಾನೆ. ಅವನಿಗೆ ಒಂದು ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನವರ ಜೊತೆ ಇಂಟರ್‌ವ್ಯೂ ಇತ್ತು. ಅವರ ಮಧ್ಯಾಹ್ನ 12, ಇಲ್ಲಿ ರಾತ್ರಿ 10:30 ಅಂತ ಬರೆದಿಟ್ಟುಕೊಂಡಿದ್ದ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅದಾದ ಮೇಲೆ ಅವರ 12 ಅಂದರೆ ನಮ್ಮ 9:30. ಅವನು 10:20ಕ್ಕೆ ಶರ್ಟ್ ಹಾಕಿಕೊಂಡು ಕೂತಾಗ ಆಚೆಯವರು ಕಾದು ಎದ್ದು ಹೋಗಿದ್ದರು. ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಮತ್ತೆ ಹಿಂದೆ ಹೋಗುತ್ತದೆ. ಆ ಎರಡು ವಾರಗಳ ಆಸುಪಾಸು ಇಂಟರ್‌ವ್ಯೂ ಇದ್ದರೆ ಭಾರತದ ಸಮಯವನ್ನೇ ಬರೆದು ಕಳಿಸಿ ಅಂತ ಕೇಳಿ. ಕ್ಯಾಲಿಫೋರ್ನಿಯಾದವರು ರಾತ್ರಿಯ ಹೊತ್ತನ್ನೇ ಕೊಡುತ್ತಾರೆ ಅಂತ ಸುಮ್ಮನಿರಬೇಡಿ. ಬೇಸಿಗೆಯಲ್ಲಿ ಅವರ ಸಂಜೆ 6:30 ಅಂದರೆ ನಮ್ಮ ಮರುದಿನದ ಬೆಳಿಗ್ಗೆ 7. ಬೇಗ ಏಳುವವರಿಗೆ ಅದು ಎಷ್ಟೋ ವಾಸಿ.

ಕೇಳಲು ಜಾಗವೇ ಇಲ್ಲದ ಇಂಟರ್‌ವ್ಯೂಗಳೂ ಇವೆ. ದೆಹಲಿಯ ಧೋಲ್ಪುರ್ ಹೌಸ್‌ನಲ್ಲಿ ಯುಪಿಎಸ್‌ಸಿ ಮಾಡುವ ಸಂದರ್ಶನಕ್ಕೆ ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಅವರೇ ಹೇಳುತ್ತಾರೆ. 275 ಅಂಕದ ಮಾತು, ಹೇಳಿದ ಹೊತ್ತಿಗೆ ಹೋಗಬೇಕು. ಅಲ್ಲಿ ಹೊತ್ತು ಬದಲಾಗುವುದಿಲ್ಲ, ಹಿಂದಿನ ದಿನಗಳನ್ನು ಬದಲಿಸಿಕೊಳ್ಳಬಹುದು. ನನಗೆ ಗೊತ್ತಿರುವ ಒಬ್ಬರು ಒಂದು ವಾರ ಮೊದಲಿನಿಂದಲೇ ಆ ಹೊತ್ತಿಗೆ ಸರಿಯಾಗಿ ಸ್ನಾನ, ತಿಂಡಿ ಮುಗಿಸಿ, ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು.

ಖಾಸಗಿ ಕಂಪನಿಗಳಲ್ಲಿ ಮಾತ್ರ ಕೇಳಿ. ದಯವಿಟ್ಟು ಕೇಳಿ. ಉದ್ದ ಕತೆ ಬೇಡ. "ಮೇಡಮ್, ನಾನು ಊರಿಂದ ರಾತ್ರಿ ಬಸ್ಸಲ್ಲಿ ಬರ್ತಿದ್ದೀನಿ. ಹನ್ನೊಂದರ ಮೇಲೆ ಯಾವುದಾದ್ರೂ ಸ್ಲಾಟ್ ಇದ್ಯಾ?" ಇಷ್ಟು ಸಾಕು. ಕೊಡುವ ಜಾಗದಲ್ಲಿ ಕೂತು ಹೇಳುತ್ತಿದ್ದೇನೆ, ಹೀಗೆ ಕೇಳಿದ್ದಕ್ಕೆ ನಾನು ಯಾರನ್ನೂ ಕಡಿಮೆ ಅಂದುಕೊಂಡಿಲ್ಲ. ಹೊತ್ತು ಬದಲಿಸುವುದು ನಮಗೆ ಎರಡು ಕ್ಲಿಕ್‌ನ ಕೆಲಸ. ಆಗದಿದ್ದರೆ ಆಗಲ್ಲ ಅನ್ನುತ್ತೇವೆ, ನಿಮ್ಮ ಮೊದಲಿನ ಹೊತ್ತು ಎಲ್ಲೂ ಹೋಗುವುದಿಲ್ಲ.

ಆ ಎರಡು ಸಾಲಿನ ಪುಟ ನೋಡಿದ ಮೇಲೆ ನಾನೂ ಕೆಲವು ಬದಲಾವಣೆ ಮಾಡಿಕೊಂಡೆ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಇಂಟರ್‌ವ್ಯೂ ಇಟ್ಟುಕೊಳ್ಳುವುದಿಲ್ಲ. ಪ್ರತಿ ಇಬ್ಬರ ನಡುವೆ ಎದ್ದು ಒಂದು ಸುತ್ತು ಹಾಕಿ ಬರುತ್ತೇನೆ. ಹೊತ್ತು ಗೊತ್ತು ಮಾಡುವ ಮೊದಲು "ಎಲ್ಲಿಂದ ಬರ್ತೀರಿ?" ಅಂತ ಕೇಳಿಸುತ್ತೇನೆ. ಸಿಂದಗಿಯಿಂದ ಬರುವವರಿಗೂ ಜಯನಗರದಿಂದ ಬರುವವರಿಗೂ 9 ಗಂಟೆ ಒಂದೇ ಆಗಲು ಹೇಗೆ ಸಾಧ್ಯ?

ಹಾಗೆ ಕೇಳಲು ಶುರು ಮಾಡಿದ ಮೇಲೆ ಒಬ್ಬರು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದರು. ಹೆರಿಗೆಗೆ ಅಂತ ಕೆಲಸ ಬಿಟ್ಟು, ಎರಡು ವರ್ಷದ ಮೇಲೆ ಮತ್ತೆ ಹುಡುಕುತ್ತಿದ್ದವರು. ನಾನು ಬೆಳಿಗ್ಗೆ 10:30 ಇಟ್ಟುಕೊಳ್ಳೋಣ ಅಂದೆ. "ಎರಡೂಕಾಲಕ್ಕೆ ಮಾಡಬಹುದಾ? ಆಗ ಮಗು ಮಲಗಿರುತ್ತೆ" ಅಂದರು. ನನ್ನ ಪ್ರಕಾರ ಅದು ದಿನದ ಅತಿ ಕೆಟ್ಟ ಹೊತ್ತು. ನಾನು ಊಟ ಕಡಿಮೆ ಮಾಡಿ, ಮುಖ ತೊಳೆದು ಬಂದು ಕೂತೆ. ಅವರು ತೆರೆಯ ಮೇಲೆ ಬಂದಾಗ ಮುಖದಲ್ಲಿ ಎಷ್ಟು ನಿರಾಳ! ಆ ಮುಕ್ಕಾಲು ಗಂಟೆ ಪೂರ್ತಿ ಅವರದ್ದೇ ಆಗಿತ್ತು. ಕೇಳಿದ್ದಕ್ಕೆಲ್ಲ ಯೋಚಿಸಿ, ನಡುವೆ ನನ್ನನ್ನೇ ಮರುಪ್ರಶ್ನೆ ಕೇಳಿ, ಒಂದು ಲೆಕ್ಕವನ್ನು ನಾನು ಅಂದುಕೊಂಡಿದ್ದಕ್ಕಿಂತ ಸುಲಭವಾಗಿ ಬಿಡಿಸಿದರು. ಅವತ್ತಿನ ಪುಟ ತುಂಬಿ ಹಿಂಬದಿಗೂ ಹೋಯಿತು. ಅವರು ಈಗ ನಮ್ಮ ಟೀಮಿನಲ್ಲೇ ಇದ್ದಾರೆ.

ಸಂಜೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. "ನಾಳೆ ಆ ಮೇಡಮ್‌ಗೆ ಫೋನ್ ಮಾಡಿ, ಹನ್ನೊಂದಕ್ಕೆ ಆಗುತ್ತಾ ಕೇಳು" ಅಂದೆ. "ಬೇಜಾರು ಮಾಡ್ಕೊಂಡ್ರೆ ಚಿಕ್ಕಿ?" ಅಂದಳು. ಅದೇ ಭಯ, ನನ್ನದೇ ಭಯ. ಆ ಬೆಂಗಳೂರಿನ ಹುಡುಗಿಯ ಕತೆ ಹೇಳಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೆಸೇಜು ಬಂತು. ಹತ್ತಕ್ಕೆ ಇಲ್ಲಾ ಹನ್ನೊಂದೂವರೆಗೆ, ಯಾವುದು ಬೇಕೋ ಹೇಳಿ ಅಂದಿದ್ದಾರಂತೆ. ಹಿಂದಿನಿಂದ ಅಮ್ಮ ಕ್ಯಾಲೆಂಡರ್ ನೋಡಿ, "ಶುಕ್ರವಾರ ಹತ್ತೂವರೆಗೆ ರಾಹುಕಾಲ ಹತ್ತುತ್ತೆ. ಅಷ್ಟರೊಳಗೆ ಒಳಗೆ ಕೂತಿದ್ರೆ ಸಾಕು" ಅಂದರಂತೆ. ಹತ್ತು ಗಂಟೆ ಅಂತ ಗಟ್ಟಿಯಾಯಿತು.

ರಾತ್ರಿ ಬಸ್ಸು ಬೇಡ ಅಂದಿದ್ದೇನೆ. ಗುರುವಾರ ಬೆಳಿಗ್ಗೆ ಹೊರಟರೆ ಸಂಜೆಗೆ ಮೆಜೆಸ್ಟಿಕ್. ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ನಮ್ಮ ಮನೆ ವಿಜಯನಗರದಲ್ಲಿ, ಅವಳ ಕಂಪನಿಯೂ ವೈಟ್‌ಫೀಲ್ಡ್ ಕಡೆಯೇ. ಮೆಟ್ರೊದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಏಳೂವರೆಗೆ ತಿಂಡಿ, ಎಂಟೂಕಾಲಿಗೆ ಹೊರಡುವುದು. ಬೀದಿ ಕಡೆಯ ಕೋಣೆಯಲ್ಲಿ ಗಾಡಿಗಳ ಸದ್ದು ಜಾಸ್ತಿ, ಅದಕ್ಕೆ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿಟ್ಟಿದ್ದೇನೆ.